ಬಸ್ಸು, ಮೆಟ್ರೋ, ರೈಲು, ಆಟೋದಲ್ಲಿ ಕಳ್ಳತನ ಮತ್ತು ಕಿರುಕುಳ: ಬೆಂಗಳೂರಿನ ಪ್ರಯಾಣಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಜೇಬಿನಿಂದ ಮೊಬೈಲ್ ಹೋಗುವುದು ಒಂದೆರಡು ಸೆಕೆಂಡಿನ ಕೆಲಸ. ಅದರ ಹಿಂದೆಯೇ ಬ್ಯಾಂಕಿನ ಹಣವೂ ಹೋಗುತ್ತದೋ ಇಲ್ಲವೋ ಎಂಬುದು ಮಾತ್ರ ನೀವು ಮನೆ ಬಿಡುವ ಮುಂಚೆಯೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಆದ್ದರಿಂದ ಇಲ್ಲಿ ಕಳ್ಳನ ಕೈಚಳಕದ ಬಗ್ಗೆ ಎಷ್ಟು ಹೇಳಿದ್ದೇವೋ, ಯಾವ ವಸ್ತುವನ್ನು ಯಾವುದರ ಜೊತೆ ಇಡಬಾರದು ಎಂಬುದನ್ನೂ ಅಷ್ಟೇ ಹೇಳಿದ್ದೇವೆ. ತುರ್ತಿಗೆ ಈಗಲೇ ನಂಬರ್ ಬೇಕಿದ್ದರೆ: ಪೊಲೀಸ್ 112, ಬ್ಯಾಂಕ್ ಹಣ ಹೋಗಿದ್ದರೆ 1930, ರೈಲಿನಲ್ಲಿ 139, ಮಕ್ಕಳ ವಿಷಯಕ್ಕೆ 1098.

ಕಳ್ಳತನ ಹೆಚ್ಚಾಗಿ ಆಗುವುದು ಯಾವಾಗ?

ಬಸ್ ಹತ್ತುವಾಗ ಮತ್ತು ಇಳಿಯುವಾಗ. ಸೀಟಿನಲ್ಲಿ ಕೂತವರಿಗಿಂತ ಬಾಗಿಲಲ್ಲಿ ನಿಂತವರು ಸುಲಭವಾಗಿ ಸಿಗುತ್ತಾರೆ. ಒಂದು ಕೈ ಕಂಬಿ ಹಿಡಿದಿರುತ್ತದೆ, ಇನ್ನೊಂದು ಕೈಯಲ್ಲಿ ಟಿಫಿನ್ ಬ್ಯಾಗೋ ಮಗುವೋ ಇರುತ್ತದೆ, ಕಣ್ಣು ಮೆಟ್ಟಿಲ ಮೇಲಿರುತ್ತದೆ. ಹಿಂದಿನಿಂದ ತಳ್ಳಿದರೂ ರಶ್ ಇದೆ, ಅದಕ್ಕೇ ತಳ್ಳುತ್ತಿದ್ದಾರೆ ಎಂದು ಸುಮ್ಮನಾಗುತ್ತೇವೆ. ಕಳ್ಳನಿಗೆ ಬೇಕಾದದ್ದೂ ಅದೇ. ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್, ಶಿವಾಜಿನಗರ, ಯಶವಂತಪುರ, ಬನಶಂಕರಿ, ಸಿಲ್ಕ್ ಬೋರ್ಡ್, ಟಿನ್ ಫ್ಯಾಕ್ಟರಿ, ಹೆಬ್ಬಾಳದಂಥ ಕಡೆ ಜನ ಒಂದು ಬಸ್ಸಿನಿಂದ ಇಳಿದು ಇನ್ನೊಂದಕ್ಕೆ ಓಡುತ್ತಾರೆ. ಅಲ್ಲಿ ಬಾಗಿಲಿಗೆ ಬಂದ ಬಸ್ಸಿಗೆಲ್ಲ ಮುಗಿಬೀಳದೆ ಹಿಂದಿನದಕ್ಕೆ ಹೋದರೆ ಐದು ಹತ್ತು ನಿಮಿಷ ತಡವಾಗಬಹುದು, ಅಷ್ಟೇ.

ಗಮನಿಸಬೇಕಾದ ಒಂದು ಸುಳಿವಿದೆ. ಬಸ್ ಹತ್ತಲು ನೂಕಾಡಿದವರು, ಬಾಗಿಲಲ್ಲಿ ಎಲ್ಲರಿಗೂ ಅಡ್ಡ ನಿಂತವರು, ಕೊನೇ ಕ್ಷಣದಲ್ಲಿ 'ಅಯ್ಯೋ, ಈ ಬಸ್ಸಲ್ಲ' ಎಂದು ಇಳಿದುಹೋದರೆ ತಕ್ಷಣ ನಿಮ್ಮ ಸಾಮಾನು ನೋಡಿಕೊಳ್ಳಿ.

ಅವರು ಹೇಗೆ ಕೆಲಸ ಮಾಡುತ್ತಾರೆ?

ಸಾಮಾನ್ಯವಾಗಿ ಒಬ್ಬರೇ ಇರುವುದಿಲ್ಲ. ಒಬ್ಬ ಮುಂದೆ ಅಡ್ಡ ನಿಲ್ಲುತ್ತಾನೆ, ಒಬ್ಬ ಹಿಂದಿನಿಂದ ಒತ್ತುತ್ತಾನೆ, ಮೂರನೆಯವನು ಕದಿಯುತ್ತಾನೆ. ಕದ್ದದ್ದು ಆ ಕ್ಷಣವೇ ನಾಲ್ಕನೆಯವನ ಕೈಗೆ ಹೋಗಿ ಅವನು ಮುಂದಿನ ಸ್ಟಾಪಿನಲ್ಲಿ ಇಳಿದಿರುತ್ತಾನೆ. ಹಾಗಾಗಿಯೇ ಅನುಮಾನ ಬಂದವನ ಜೇಬು ತಡಕಿದರೆ ಏನೂ ಸಿಗುವುದಿಲ್ಲ. ಕೈ ಕಾಣದಂತೆ ಮರೆ ಮಾಡಲು ಬ್ಯಾಗ್, ಟವೆಲ್, ದುಪಟ್ಟಾ, ಮಡಚಿದ ಪೇಪರ್, ಏನಾದರೂ ಒಂದು ಬೇಕು. ಅಂಗಿ ಜೇಬಿನ ಮೊಬೈಲಿಗೆ ಕೈ ಹಾಕುವವನು ತನ್ನ ಬ್ಯಾಗನ್ನು ನಿಮ್ಮ ಎದೆ ಮಟ್ಟಕ್ಕೆ ಎತ್ತಿ ಹಿಡಿಯುತ್ತಾನೆ. ವ್ಯಾನಿಟಿ ಬ್ಯಾಗಿಗೆ ಬ್ಲೇಡ್ ಹಾಕುವವರು ಕೆಳಗಿನ ಹೊಲಿಗೆಯ ಹತ್ತಿರ ಕೊಯ್ಯುತ್ತಾರೆ. ಜಿಪ್ ಹಾಕಿದ್ದೇನೆ ಎಂಬ ಧೈರ್ಯ ಆಗ ಉಪಯೋಗಕ್ಕೆ ಬರುವುದಿಲ್ಲ.

ಮಗು ಎತ್ತಿಕೊಂಡ ಹೆಂಗಸರ ಗುಂಪು ಸುತ್ತುವರಿಯುವುದೂ ಉಂಟು. ಮಗು ಇರುವವರನ್ನೆಲ್ಲ ಅನುಮಾನಿಸಬೇಕಿಲ್ಲ. ಬಸ್ಸಿನಲ್ಲಿ ಜಾಗ ಇದ್ದೂ ಮೂರು ನಾಲ್ಕು ಜನ ನಿಮ್ಮನ್ನೇ ಒತ್ತಿ ನಿಂತಿದ್ದರೆ ಅದನ್ನು ಗಮನಿಸಿ, ಜಾಗ ಬದಲಿಸಿ.

ಇನ್ನು ಗಮನ ಬೇರೆಡೆ ಸೆಳೆಯುವ ಆಟ. 'ನಿಮ್ಮ ದುಡ್ಡು ಬಿದ್ದಿದೆ ನೋಡಿ', 'ನಿಮ್ಮ ಶರ್ಟಿಗೆ ಏನೋ ಗಲೀಜಾಗಿದೆ' ಎನ್ನುತ್ತಾರೆ. ಬಗ್ಗಿದರೆ, ಬ್ಯಾಗ್ ಕೆಳಗಿಟ್ಟು ಒರೆಸಿಕೊಳ್ಳಲು ಹೋದರೆ ಬ್ಯಾಗ್ ಹೋಯಿತು. ಗಲೀಜು ಮನೆಗೆ ಹೋಗಿ ತೊಳೆದುಕೊಳ್ಳಬಹುದು.

'ಕಳ್ಳರಿದ್ದಾರೆ ಎಚ್ಚರಿಕೆ' ಎಂದು ಯಾರಾದರೂ ಕೂಗಿದರೆ?

ಜೇಬು ಮುಟ್ಟಿ ನೋಡಿಕೊಳ್ಳಬೇಡಿ. ಎಲ್ಲರೂ ಮಾಡುವುದು ಅದನ್ನೇ, ಮೊಬೈಲ್ ಎಲ್ಲಿದೆ ಎಂದು ಕಳ್ಳನಿಗೆ ತೋರಿಸಿದಂತಾಗುತ್ತದೆ. ಬ್ಯಾಗನ್ನು ಮುಂದಕ್ಕೆ ತಂದು ಅದರ ಮೇಲೆ ತೋಳಿಟ್ಟುಕೊಳ್ಳಿ, ಸಾಕು.

ಮೊಬೈಲ್, ಪರ್ಸು ಎಲ್ಲಿಟ್ಟುಕೊಂಡರೆ ಒಳ್ಳೆಯದು?

ಪ್ಯಾಂಟಿನ ಹಿಂದಿನ ಜೇಬು, ಅಂಗಿ ಜೇಬು, ಬೆನ್ನಿನ ಬ್ಯಾಗಿನ ಹೊರಗಿನ ಜಿಪ್, ಇವು ಮೂರೂ ಬೇಡ. ಪ್ಯಾಂಟಿನ ಮುಂದಿನ ಜೇಬು ಪರವಾಗಿಲ್ಲ. ಬ್ಯಾಗಿನ ಒಳಭಾಗದ ಜಿಪ್ ಜೇಬು ಇನ್ನೂ ಒಳ್ಳೆಯದು, ಬ್ಯಾಗ್ ಎದೆಯ ಮೇಲಿದ್ದರೆ. ಹೊಸೂರು ರಸ್ತೆ, ಮಾರತ್ತಹಳ್ಳಿ ಕಡೆ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಓಡಾಡುವವರು ಬಸ್ ಹತ್ತುವ ಮುಂಚೆಯೇ ಬ್ಯಾಗನ್ನು ಮುಂದಕ್ಕೆ ಹಾಕಿಕೊಳ್ಳಬೇಕು. ಒಳಗೆ ಹೋದ ಮೇಲೆ ತಿರುಗಿಸಲು ಜಾಗವಿರುವುದಿಲ್ಲ.

ಟಿಕೆಟ್ಟಿಗೆ ಬೇಕಾದ ಚಿಲ್ಲರೆ ಬೇರೆಯೇ ಇರಲಿ. ಇಪ್ಪತ್ತು ರೂಪಾಯಿಗಾಗಿ ತುಂಬಿದ ಬಸ್ಸಿನಲ್ಲಿ ಪರ್ಸು ಬಿಚ್ಚುವುದು, ಸ್ಕ್ಯಾನ್ ಮಾಡಿ ಪಿನ್ ಒತ್ತುವುದು ಪಕ್ಕದವನಿಗೆ ಎಲ್ಲವನ್ನೂ ತೋರಿಸಿಕೊಡುತ್ತದೆ. ಸ್ಕ್ಯಾನ್ ಮಾಡಲೇಬೇಕಿದ್ದರೆ ಪಿನ್ ಒತ್ತುವಾಗ ಇನ್ನೊಂದು ಅಂಗೈಯಿಂದ ಮುಚ್ಚಿ. ಪಿನ್ ನೋಡಿಕೊಂಡ ಮೇಲೆ ಅದೇ ಮೊಬೈಲ್ ಕದ್ದರೆ ಕಳ್ಳನಿಗೆ ಬೇರೇನೂ ಬೇಕಾಗುವುದಿಲ್ಲ.

ಪಿನ್ ಗೊತ್ತಿಲ್ಲದವನು ಹಣ ಹೇಗೆ ತೆಗೆಯುತ್ತಾನೆ?

ಇದು ಸರಿಯಾಗಿ ಅರ್ಥವಾದರೆ ಅರ್ಧ ನಷ್ಟ ತಪ್ಪುತ್ತದೆ. ಕಳ್ಳ ನಿಮ್ಮ ಸಿಮ್ ಕಿತ್ತು ತನ್ನ ಹ್ಯಾಂಡ್‌ಸೆಟ್ಟಿಗೆ ಹಾಕುತ್ತಾನೆ. ಸಿಮ್ಮಿಗೆ ಲಾಕ್ ಇಲ್ಲದಿದ್ದರೆ ನಿಮಗೆ ಬರುವ ಒಟಿಪಿ ಎಲ್ಲ ಅವನಿಗೆ ಬರುತ್ತದೆ. ಯುಪಿಐ ಪಿನ್ ಹೊಸದಾಗಿ ಇಡಲು ಒಟಿಪಿ ಜೊತೆಗೆ ಬೇಕಾಗುವುದು ಎರಡರಲ್ಲಿ ಒಂದು: ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ ಮತ್ತು ಮುಕ್ತಾಯದ ತಿಂಗಳು-ವರ್ಷ, ಇಲ್ಲವೇ ಆಧಾರ್ ಸಂಖ್ಯೆಯ ಮೊದಲ 6 ಅಂಕಿ. ಮೊಬೈಲ್, ಡೆಬಿಟ್ ಕಾರ್ಡ್, ಆಧಾರ್ ಮೂರೂ ಒಂದೇ ಪರ್ಸಿನಲ್ಲಿದ್ದರೆ ಖಾತೆಯ ಬೀಗ ಮತ್ತು ಕೀಲಿ ಒಟ್ಟಿಗೇ ಹೋದ ಹಾಗೆ. ಕಾರ್ಡು ಹಾಕುವ ಜಾಗವಿರುವ ಫ್ಲಿಪ್ ಕವರ್ ಮೊಬೈಲಿಗೆ ಬೇಡವೆನ್ನುವುದು ಇದೇ ಕಾರಣಕ್ಕೆ.

ಪಿನ್ನೇ ಕೇಳದ ಹಣವೂ ಇದೆ. ಟ್ಯಾಪ್ ಮಾಡುವ ಕಾರ್ಡಿನಲ್ಲಿ ಒಂದು ಬಾರಿಗೆ 5,000 ರೂಪಾಯಿವರೆಗೆ ಪಿನ್ ಇಲ್ಲದೆ ಹೋಗಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ಈ ಸೌಲಭ್ಯವನ್ನು ಆಫ್ ಮಾಡಬಹುದು, ಮಿತಿಯನ್ನು ಇಳಿಸಲೂಬಹುದು. ಯುಪಿಐ ಲೈಟ್‌ನಲ್ಲಿ ತುಂಬಿಟ್ಟ ಹಣಕ್ಕೂ ಪಿನ್ ಬೇಡ. ಅದರಲ್ಲಿ ಕೆಲವು ನೂರಕ್ಕಿಂತ ಹೆಚ್ಚು ಇಡಬೇಡಿ.

ಶಕ್ತಿ ಯೋಜನೆಗೆ ಆಧಾರ್ ತೋರಿಸಬೇಕಲ್ಲ, ಮನೆಯಲ್ಲಿಟ್ಟು ಹೋಗುವುದು ಹೇಗೆ?

2023ರ ಜೂನ್ 11ರಿಂದ ಹೆಂಗಸರ ಕೈಚೀಲದಲ್ಲಿ ಗುರುತಿನ ಚೀಟಿ ದಿನಾ ಇರಲೇಬೇಕಾಗಿದೆ. ಆದರೆ ಅದು ಆಧಾರೇ ಆಗಬೇಕೆಂದಿಲ್ಲ. ಕರ್ನಾಟಕದ ವಿಳಾಸವಿರುವ ಮತದಾರರ ಚೀಟಿ ಅಥವಾ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ನಮ್ಮ ಸಲಹೆ: ಮತದಾರರ ಚೀಟಿಯೊಂದನ್ನೇ ಸಣ್ಣ ಪೌಚಿನಲ್ಲಿ, ಮೊಬೈಲಿನಿಂದ ದೂರ ಇಡಿ. ಕಂಡಕ್ಟರ್ ಬಂದಾಗ ಆ ಪೌಚು ಮಾತ್ರ ಹೊರಬರಲಿ, ದೊಡ್ಡ ಪರ್ಸಿನ ಜಿಪ್ ತೆರೆಯುವುದೇ ಬೇಡ. ಬಸ್ ಹತ್ತುವ ಮುಂಚೆಯೇ ಅದನ್ನು ಕೈಗೆ ತೆಗೆದುಕೊಳ್ಳಿ. ಶೂನ್ಯ ದರದ ಟಿಕೆಟ್ ಇಳಿಯುವವರೆಗೆ ಬಿಸಾಡಬೇಡಿ. ಯಾವ ಬಸ್ಸು, ಎಷ್ಟು ಹೊತ್ತು ಎಂಬುದಕ್ಕೆ ಮುಂದೆ ಅದೇ ಸಾಕ್ಷಿ.

ಫೋನಿನಲ್ಲಿ ಮೊದಲೇ ಏನೇನು ಮಾಡಿಟ್ಟಿರಬೇಕು?

ಇಪ್ಪತ್ತು ನಿಮಿಷದ ಕೆಲಸ, ಭಾನುವಾರ ಕೂತು ಮಾಡಿ.

ಮೊದಲು *#06# ಒತ್ತಿ ಐಎಂಇಐ ಸಂಖ್ಯೆಗಳನ್ನು (ಹ್ಯಾಂಡ್‌ಸೆಟ್ಟಿನ ಗುರುತಿನ ಸಂಖ್ಯೆ) ಕಾಗದದ ಮೇಲೆ ಬರೆದಿಡಿ. ಎರಡು ಸಿಮ್ಮಿನ ಫೋನಿಗೆ ಎರಡು ಸಂಖ್ಯೆ ಇರುತ್ತವೆ, ಎರಡನ್ನೂ ಬರೆಯಿರಿ. ಫೋನಿನ ಬಿಲ್ಲಿನ ಫೋಟೋ ಮನೆಯವರ ಮೊಬೈಲಿನಲ್ಲಿರಲಿ.

ಆಮೇಲೆ ಸಿಮ್ ಲಾಕ್. ಸೆಟ್ಟಿಂಗ್ಸಿನಲ್ಲಿ ಸೆಕ್ಯುರಿಟಿ ವಿಭಾಗದಲ್ಲಿ ಸಿಗುತ್ತದೆ. ಆನ್ ಮಾಡುವಾಗ ಕಂಪನಿಯ ಮೂಲ ಪಿನ್ ಕೇಳುತ್ತದೆ. ಊಹಿಸಿ ಒತ್ತಬೇಡಿ, ಮೂರು ಸಲ ತಪ್ಪಿದರೆ ಸಿಮ್ ಲಾಕಾಗಿ, ಅದನ್ನು ಬಿಡಿಸುವ ಪಿಯುಕೆ ಸಂಖ್ಯೆ ಕೇಳುತ್ತದೆ. ಕಂಪನಿಯ ಸಹಾಯವಾಣಿಯಲ್ಲಿ ಕೇಳಿಕೊಂಡು ಹಾಕಿ, ಬಳಿಕ ನಿಮ್ಮದೇ ಪಿನ್ ಇಡಿ. ಇನ್ನು ಮುಂದೆ ಆ ಸಿಮ್ ಬೇರೆ ಹ್ಯಾಂಡ್‌ಸೆಟ್ಟಿನಲ್ಲಿ ಪಿನ್ ಇಲ್ಲದೆ ಕೆಲಸ ಮಾಡದು.

ಮೂರನೆಯದು ದೂರದಿಂದ ಲಾಕ್ ಮಾಡುವ ವ್ಯವಸ್ಥೆ. ಆಂಡ್ರಾಯ್ಡ್‌ನಲ್ಲಿ ಥೆಫ್ಟ್ ಪ್ರೊಟೆಕ್ಷನ್, ಅದರೊಳಗಿನ ರಿಮೋಟ್ ಲಾಕ್ ಎರಡನ್ನೂ ಆನ್ ಮಾಡಿ. ಐಫೋನಿನಲ್ಲಿ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಇದೆ. ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಬೇರೆಯವರ ಫೋನಿನಿಂದ ನಿಮ್ಮ ಗೂಗಲ್ ಖಾತೆಗೆ ಹೋದರೆ 'ನಿಮ್ಮ ಫೋನಿಗೆ ಸೂಚನೆ ಕಳಿಸಿದ್ದೇವೆ' ಎನ್ನುತ್ತದೆ. ಆ ಫೋನು ಕಳ್ಳನ ಕೈಯಲ್ಲಿರುತ್ತದೆ! ಆದ್ದರಿಂದ ಗೂಗಲ್ ಕೊಡುವ ಬ್ಯಾಕಪ್ ಕೋಡುಗಳನ್ನು ಬರೆದು ಮನೆಯಲ್ಲಿಡಿ. ರಿಮೋಟ್ ಲಾಕ್ ಮುಂಚೆಯೇ ಆನ್ ಆಗಿದ್ದರೆ ಬರೀ ಫೋನ್ ನಂಬರ್ ಹಾಕಿ ಲಾಕ್ ಮಾಡಬಹುದು.

ಕೊನೆಗೆ, ಮನೆಯ ಒಬ್ಬರ ನಂಬರ್ ಬಾಯಿಪಾಠ ಇರಲಿ.

ಕಿಟಕಿ ಪಕ್ಕ ಕೂತು ಫೋನ್ ನೋಡಿದರೆ ಅಪಾಯವೇ?

ಸಿಗ್ನಲ್ಲಿನಲ್ಲಿ ನಿಂತ ಬಸ್ಸು, ನಿಲ್ದಾಣ ಬಿಟ್ಟು ಮೆಲ್ಲಗೆ ಹೊರಟ ರೈಲು, ಎರಡರಲ್ಲೂ ಹೊರಗಿನಿಂದ ಕೈ ಹಾಕಿ ಕಿತ್ತುಕೊಳ್ಳುತ್ತಾರೆ. ನಿಮ್ಮ ವಾಹನ ಮುಂದೆ ಹೋಗುತ್ತದೆ, ಅವನು ಹಿಂದೆ ಓಡುತ್ತಾನೆ. ಫೋನನ್ನು ಕಿಟಕಿಯಿಂದ ದೂರವಿರುವ ಕೈಯಲ್ಲಿ ಹಿಡಿಯಿರಿ, ವಾಹನ ನಿಂತಾಗ ಮಡಿಲಿಗೆ ಇಳಿಸಿ. ರೈಲಿನ ಬಾಗಿಲಲ್ಲಿ ನಿಂತು ಮಾತಾಡಲೇಬೇಡಿ. ಫೋನಿಗಾಗಿ ಚಲಿಸುವ ರೈಲಿನಿಂದ ಹಾರುವವರಿದ್ದಾರೆ, ಹೋದ ಜೀವ ಬರುವುದಿಲ್ಲ.

ಚಿನ್ನ ಹಾಕಿಕೊಂಡು ಬಸ್ಸಿನಲ್ಲಿ ಹೋಗಬೇಕಾಗಿದೆ. ಏನು ಮಾಡಲಿ?

ಸರವನ್ನು ರವಿಕೆಯೊಳಗೆ ಸೇರಿಸಿ, ಸೆರಗನ್ನು ಹೊದ್ದು ಹೆಗಲ ಹತ್ತಿರ ಪಿನ್ ಹಾಕಿ. ಮದುವೆಗೆ ಹೋಗುವವರು ಒಡವೆಯನ್ನು ಛತ್ರದಲ್ಲೇ ಹಾಕಿಕೊಳ್ಳುವುದು ಕ್ಷೇಮ, ಆದರೆ ಒಡವೆಯಿರುವ ಬ್ಯಾಗನ್ನು ಕಾಲ ಹತ್ತಿರವೋ ಎಂಜಿನ್ ಮೇಲೋ ಇಡುವಂತಿಲ್ಲ.

'ಮುಂದೆ ಕಳ್ಳತನ ಆಗಿದೆ ಅಮ್ಮಾ, ಒಡವೆ ಬಿಚ್ಚಿ ಪೇಪರಲ್ಲಿ ಕಟ್ಟಿಟ್ಟುಕೊಳ್ಳಿ' ಎಂದು ಪೊಲೀಸರ ಹಾಗೆ ಮಾತಾಡುವವರು ಸ್ಟಾಪಿನ ಹತ್ತಿರ ವಯಸ್ಸಾದವರನ್ನೇ ಹುಡುಕುತ್ತಾರೆ. ಕಟ್ಟಿಕೊಡುವ ನೆಪದಲ್ಲಿ ಪೊಟ್ಟಣ ಬದಲಾಗುತ್ತದೆ, ಮನೆಗೆ ಬಂದು ಬಿಚ್ಚಿದರೆ ಕಲ್ಲು. ನಿಜವಾದ ಪೊಲೀಸರು ರಸ್ತೆಯಲ್ಲಿ ಒಡವೆ ಬಿಚ್ಚಿಸುವುದಿಲ್ಲ. 'ಠಾಣೆಗೇ ಬರ್ತೀನಿ ನಡೀರಿ' ಎಂದು ಗಟ್ಟಿಯಾಗಿ ಹೇಳಿ. ಈ ಮಾತನ್ನು ಮನೆಯ ಅಜ್ಜಿ, ಅಮ್ಮನಿಗೆ ದಯವಿಟ್ಟು ಮುಂಚೆಯೇ ಹೇಳಿಡಿ.

ಮೆಟ್ರೋದಲ್ಲಿ ತಪಾಸಣೆ ಇದೆ, ಕ್ಯಾಮೆರಾ ಇದೆ. ಭಯವಿಲ್ಲ ಅಲ್ಲವೇ?

ಬಸ್ಸಿಗಿಂತ ಕಡಿಮೆ, ಅಷ್ಟೇ. ಕೆಂಪೇಗೌಡ ನಿಲ್ದಾಣದಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಬದಲಾಗುವ ಎಸ್ಕಲೇಟರಿನಲ್ಲಿ ಸಂಜೆ ಎಂಥ ನೂಕುನುಗ್ಗಲೆಂದು ನೋಡಿದವರಿಗೆ ಗೊತ್ತು. ತಪಾಸಣೆಯಲ್ಲಿ ನಿಮ್ಮ ಸರದಿ ಹತ್ತಿರ ಬರುವವರೆಗೆ ಬ್ಯಾಗನ್ನು ಯಂತ್ರದೊಳಕ್ಕೆ ಬಿಡಬೇಡಿ. ನೀವಿನ್ನೂ ಸಾಲಿನಲ್ಲಿದ್ದು ಬ್ಯಾಗ್ ಆಚೆ ಕಡೆ ಒಂಟಿಯಾಗಿ ಬಿದ್ದಿರಬಾರದು. ಬೋಗಿಯೊಳಗೆ ತೊಂದರೆಯಾದರೆ ಬಾಗಿಲ ಹತ್ತಿರದ ತುರ್ತು ಗುಂಡಿ ಒತ್ತಿ ಚಾಲಕರೊಡನೆ ಮಾತಾಡಬಹುದು. ಮೆಟ್ರೋ ಸಹಾಯವಾಣಿ 1800-425-12345.

ಬಸ್ ಓಡುತ್ತಿರುವಾಗಲೇ ಕಳುವಾದದ್ದು ಗೊತ್ತಾದರೆ?

ಮೊದಲು ಕೂಗಿ ಹೇಳಿ: 'ಕಂಡಕ್ಟರ್, ನನ್ನ ಫೋನ್ ಕದ್ದಿದ್ದಾರೆ, ಬಾಗಿಲು ತೆಗೀಬೇಡಿ.' ಪಕ್ಕದವರ ಫೋನಿನಿಂದ ನಿಮ್ಮ ನಂಬರಿಗೆ ರಿಂಗ್ ಮಾಡಿಸಿ, ಜೊತೆಯಲ್ಲೇ ಇನ್ನೊಬ್ಬರಿಂದ 112ಕ್ಕೆ ಕರೆ ಮಾಡಿಸಿ. ಸಿಕ್ಕಿಬೀಳುವ ಭಯಕ್ಕೆ ಕಳ್ಳ ಫೋನನ್ನು ಸೀಟಿನ ಕೆಳಗೆ ಬಿಸಾಡಿರಬಹುದು, ನೆಲವನ್ನೂ ನೋಡಿ. ಬಸ್ಸನ್ನು ಹತ್ತಿರದ ಠಾಣೆಯ ಮುಂದೆ ನಿಲ್ಲಿಸುವಂತೆ ಚಾಲಕರನ್ನು ಕೇಳಿಕೊಳ್ಳಿ. ಬಸ್ಸಿನ ನೋಂದಣಿ ಸಂಖ್ಯೆ, ಮಾರ್ಗದ ಸಂಖ್ಯೆ, ಯಾವ ಎರಡು ಸ್ಟಾಪುಗಳ ನಡುವೆ ಕಳುವಾಯಿತೋ ಅವುಗಳ ಹೆಸರು ಬರೆದುಕೊಳ್ಳಿ. ಕ್ಯಾಮೆರಾ ದೃಶ್ಯ ಬೇಕೆಂದು ಪೊಲೀಸರು ಕೇಳಬೇಕಾದರೆ ಇವು ಬೇಕು, ಮತ್ತು ಬೇಗ ಬೇಕು. ದೃಶ್ಯಗಳು ಬಹಳ ದಿನ ಉಳಿಯುವುದಿಲ್ಲ.

ಕಳ್ಳ ಹೋದ. ಈಗ ಯಾವುದು ಮೊದಲು?

ಮೊದಲ ಐದು ನಿಮಿಷದಲ್ಲಿ ಬೇರೆ ಫೋನಿನಿಂದ ದೂರದ ಲಾಕ್. ಸಿಮ್ ಬಂದ್ ಮಾಡಿಸಿದ ಮೇಲೆ ಫೋನಿಗೆ ಇಂಟರ್ನೆಟ್ ಇರುವುದಿಲ್ಲ, ಲಾಕ್ ಆದೇಶ ತಲುಪದೆ ಹೋಗಬಹುದು. ಆದ್ದರಿಂದ ಈ ಕ್ರಮ. ಆದರೆ ಫೋನ್ ಎಲ್ಲಿದೆ ಎಂದು ನಕ್ಷೆ ನೋಡುತ್ತಾ ಕೂರಬೇಡಿ. ಲಾಕ್ ಆಗಲಿ, ಆಗದಿರಲಿ, ಕೂಡಲೇ ಕಂಪನಿಗೆ ಕರೆ ಮಾಡಿ ಸಿಮ್ ಬಂದ್ ಮಾಡಿಸಿ. ಮೂರನೆಯದಾಗಿ ಬ್ಯಾಂಕಿಗೆ ಕರೆ: ಕಾರ್ಡು, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ತಡೆಯಿರಿ ಎನ್ನಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ನೀವು ತಿಳಿಸಿದ ಮೇಲೆ ಹೋದ ಹಣಕ್ಕೆ ಬ್ಯಾಂಕ್ ಹೊಣೆ. ತಿಳಿಸಿದ ಹೊತ್ತಿಗೆ ದಾಖಲೆ ಇರುವುದು ಅದಕ್ಕೇ ಮುಖ್ಯ. ಹಣ ಆಗಲೇ ಹೋಗಿದ್ದರೆ 1930. ಆ ಹಣ ಇನ್ನೊಂದು ಖಾತೆಯಲ್ಲಿ ನಿಂತಿರುವಾಗಲೇ ತಡೆಹಿಡಿಸಬಹುದು, ಸಂಜೆಯಾದರೆ ಅದು ಕೈದಾಟಿ ಹೋಗಿರುತ್ತದೆ.

ಬಳಿಕ ಪೊಲೀಸ್ ದೂರು, ಆಮೇಲೆ ಅದೇ ನಂಬರಿನ ಹೊಸ ಸಿಮ್. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಗಾಬರಿ ಬೇಡ. ಅದು ಬರತೊಡಗಿದ ಮೇಲೆ, ಕಳುವಾದ ಫೋನನ್ನು ನಿರ್ಬಂಧಿಸುವ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಐಎಂಇಐ, ದೂರಿನ ಪ್ರತಿ, ಗುರುತಿನ ಚೀಟಿ, ಬಿಲ್ಲು ಹಾಕಿದರೆ ಹ್ಯಾಂಡ್‌ಸೆಟ್ ದೇಶದ ಎಲ್ಲ ನೆಟ್‌ವರ್ಕಿನಲ್ಲೂ ನಿರ್ಬಂಧಕ್ಕೊಳಗಾಗುತ್ತದೆ. ಫೋನ್ ವಾಪಸ್ ಸಿಕ್ಕರೆ ಅಲ್ಲೇ ಬಿಡುಗಡೆ ಮಾಡಿಸಿಕೊಳ್ಳಬೇಕು, ತಾನಾಗಿ ತೆರೆಯುವುದಿಲ್ಲ.

'ಕಳೆದುಹೋಗಿದೆ ಅಂತ ಬರ್ಕೊಡಿ' ಎಂದು ಠಾಣೆಯಲ್ಲಿ ಹೇಳಿದರೆ ಒಪ್ಪಬಹುದೇ?

ಕದ್ದದ್ದಾದರೆ ಒಪ್ಪಬೇಡಿ. ಪೊಲೀಸ್ ಇಲಾಖೆಯ ಇ-ಲಾಸ್ಟ್ ವರದಿ ಇರುವುದು ನಿಜವಾಗಿ ಕಳೆದುಕೊಂಡ ವಸ್ತುವಿಗೆ. ಅದರಿಂದ ತನಿಖೆ ನಡೆಯುವುದಿಲ್ಲ, ಕಳುವಿನ ವಿಮೆಗೂ ಎಫ್‌ಐಆರ್ ಕೇಳುತ್ತಾರೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು 303ನೇ ಕಲಂ, ಕಿತ್ತುಕೊಂಡು ಹೋಗುವುದು 304, ಪ್ರಯಾಣಿಕರ ವಾಹನದಿಂದ ಕದಿಯುವುದು 305. ಕೊನೆಯದಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. 303ರ ಕೆಳಗೆ ಕಳುವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಅದು ಅಸಂಜ್ಞೇಯ ಅಪರಾಧ, ಪೊಲೀಸರು ನೇರವಾಗಿ ಎಫ್‌ಐಆರ್ ಮಾಡುವಂತಿಲ್ಲ. ಹಾಗಾಗಿ 'ಒಂದು ಪರ್ಸು' ಎಂದಷ್ಟೇ ಬರೆಯದೆ ಪರ್ಸಿನ ಬೆಲೆ, ಒಳಗಿದ್ದ ನಗದು, ಫೋನು, ಇಯರ್‌ಫೋನು ಎಲ್ಲಕ್ಕೂ ಬೆಲೆ ಹಾಕಿ, ಬಿಲ್ಲು ಲಗತ್ತಿಸಿ.

ಬಸ್ ಯಶವಂತಪುರದಲ್ಲಿತ್ತು, ಗೊತ್ತಾದದ್ದು ಜಯನಗರದಲ್ಲಿ. ಯಾವ ಠಾಣೆ?

ಯಾವುದಾದರೂ ಸರಿ. ವ್ಯಾಪ್ತಿ ನಮ್ಮದಲ್ಲ ಎಂದು ಕಳಿಸುವಂತಿಲ್ಲ, ಜೀರೋ ಎಫ್‌ಐಆರ್ ಮಾಡಿ ವರ್ಗಾಯಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ಆನ್‌ಲೈನಿನಲ್ಲಿ ಮಾಹಿತಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ನಿರಾಕರಿಸಿದರೆ ಅದೇ ದೂರನ್ನು ಡಿಸಿಪಿಗೆ ಅಂಚೆಯಲ್ಲಿ ಕಳಿಸಬಹುದು. ಮೆಜೆಸ್ಟಿಕ್ ಬಸ್ ನಿಲ್ದಾಣದ ಸುತ್ತ ನಡೆದದ್ದಾದರೆ ಉಪ್ಪಾರಪೇಟೆ ಠಾಣೆ ಹತ್ತಿರ. ರೈಲು ಮತ್ತು ಪ್ಲಾಟ್‌ಫಾರಂ ರೈಲ್ವೆ ಪೊಲೀಸರದು.

'ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ' ಎಂದು ಮೆಸೇಜ್ ಬಂದಿದೆ.

ಒತ್ತಬೇಡಿ. ಲಾಕ್ ಆದ ಫೋನನ್ನು ಮಾರಲು ನಿಮ್ಮ ಪಾಸ್‌ವರ್ಡ್ ಬೇಕು, ಅದಕ್ಕಾಗಿ ಹಾಕಿದ ಬಲೆ ಅದು. ಕಳುವಾದ ಫೋನನ್ನು ನಿಮ್ಮ ಖಾತೆಯಿಂದ ತೆಗೆದುಹಾಕಲೂಬೇಡಿ.

ಬಸ್ಸಿನಲ್ಲಿ ಯಾರಾದರೂ ಮೈಮೇಲೆ ಬಿದ್ದು ಕಿರುಕುಳ ಕೊಟ್ಟರೆ?

ಮೊದಲ ಮಾತನ್ನು ಎಲ್ಲರಿಗೂ ಕೇಳುವಂತೆ ಆಡಿ. 'ಸ್ವಲ್ಪ ಆ ಕಡೆ ನಿಂತ್ಕೊಳ್ರೀ' ಎಂದು ಗಟ್ಟಿ ದನಿಯಲ್ಲಿ ಒಮ್ಮೆ ಹೇಳಿದರೆ ಅನೇಕರು ಸರಿಯುತ್ತಾರೆ. ಸರಿಯದಿದ್ದರೆ ಬಣ್ಣ ಹಿಡಿದು ಗುರುತಿಸಿ: 'ಕಂಡಕ್ಟರ್, ನೀಲಿ ಶರ್ಟಿನವನು ಮೈ ಮುಟ್ಟುತ್ತಿದ್ದಾನೆ, ಹಿಂದಕ್ಕೆ ಕಳಿಸಿ.' ಹೀಗೆಂದಾಗ ಸುತ್ತ ಇದ್ದವರಿಗೆ ಯಾರನ್ನು ನೋಡಬೇಕೆಂದು ತಿಳಿಯುತ್ತದೆ. ಬಸ್ಸಿನಲ್ಲಿ ಪ್ಯಾನಿಕ್ ಬಟನ್ ಇದ್ದರೆ ಒತ್ತಿ. ನಿಮ್ಮ ಸ್ಟಾಪಿನಲ್ಲಿ ಅವನೂ ಇಳಿಯಬಹುದು ಎನಿಸಿದರೆ ಇಳಿಯಬೇಡಿ. ಜನ, ಬೆಳಕು ಇರುವ ದೊಡ್ಡ ನಿಲ್ದಾಣದವರೆಗೆ ಹೋಗಿ, ಮನೆಯವರನ್ನು ಅಲ್ಲಿಗೇ ಕರೆಸಿ.

ಇದಕ್ಕೆ ಭಾರತೀಯ ನ್ಯಾಯ ಸಂಹಿತೆಯ 74 ಮತ್ತು 75ನೇ ಕಲಂ, ಹಿಂಬಾಲಿಸಿದರೆ 78. ಈ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದು ಕಾನೂನಿದೆ, ಕೇಳಿ ಪಡೆಯಿರಿ. 'ಅಷ್ಟಕ್ಕೆಲ್ಲ ಕಂಪ್ಲೇಂಟ್ ಏಕೆ' ಎನ್ನುವವರ ಮಾತಿಗೆ ಬೆಲೆ ಕೊಡಬೇಡಿ. ಅದೇ ಮಾರ್ಗದಲ್ಲಿ ಅವನು ನಾಳೆಯೂ ಬರುತ್ತಾನೆ, ನಾಳೆ ನಿಂತಿರುವವಳು ಶಾಲೆಯ ಹುಡುಗಿಯಾಗಿರಬಹುದು.

ಕದ್ದು ಫೋಟೋ, ವಿಡಿಯೋ ತೆಗೆಯುವುದೂ ಅಪರಾಧವೇ. 2025ರ ಮೇನಲ್ಲಿ ನಮ್ಮ ಮೆಟ್ರೋದ ಪ್ರಯಾಣಿಕ ಹೆಂಗಸರ ವಿಡಿಯೋಗಳನ್ನು ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದವನ ಮೇಲೆ ಪ್ರಕರಣ ದಾಖಲಾಗಿ ಬಂಧನವೂ ಆಯಿತು. ಅಂಥ ಪೋಸ್ಟ್ ಕಂಡರೆ ಸ್ಕ್ರೀನ್‌ಶಾಟ್, ಪುಟದ ಹೆಸರು, ದಿನಾಂಕ ಉಳಿಸಿಕೊಂಡು ದೂರು ಕೊಡಿ. ಬಯ್ಯುವುದಕ್ಕಾದರೂ ಅದನ್ನು ಹಂಚಬೇಡಿ.

ಬೆಳಗಿನ ಜಾವ ಊರಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತೇವೆ. ಆಟೋ ಹತ್ತಬಹುದೇ?

ಆತುರವಿಲ್ಲದಿದ್ದರೆ ನಿಲ್ದಾಣದೊಳಗೆ, ಜನರಿರುವ ಕೌಂಟರ್ ಹತ್ತಿರ ಕೂತು 5 ಗಂಟೆ ಹೊತ್ತಿಗೆ ಶುರುವಾಗುವ ಮೆಟ್ರೋ ಹಿಡಿಯಿರಿ. ಭಾನುವಾರ ಅದು 7ಕ್ಕೆ. ಆಟೋ ಬೇಕೇಬೇಕಿದ್ದರೆ ಪ್ರೀಪೇಯ್ಡ್ ಕೌಂಟರಿನಿಂದ ತೆಗೆದುಕೊಳ್ಳಿ, ಇಲ್ಲವೇ ಆ್ಯಪ್‌ನಲ್ಲಿ ಕರೆಸಿ. 'ಎಲ್ಲಿಗೆ ಸಾರ್' ಎಂದು ಬ್ಯಾಗಿಗೇ ಕೈ ಹಾಕಿ ಕರೆದೊಯ್ಯುವವರ ಹಿಂದೆ ಹೋಗಬೇಡಿ. ಹತ್ತುವ ಮುಂಚೆ ನಂಬರ್ ಪ್ಲೇಟಿನ ಫೋಟೋ ಮನೆಗೆ ಕಳಿಸಿ, ಕಳಿಸಿದ್ದು ಚಾಲಕರಿಗೂ ಕಾಣಲಿ. ಚಾಲಕರ ಸೀಟಿನ ಹಿಂದೆ ಫೋಟೋ ಇರುವ ಮಾಹಿತಿ ಚೀಟಿ ಇರಬೇಕು. ಆ್ಯಪ್‌ನಲ್ಲಿ ಬಂದ ನಂಬರ್ ಬೇರೆ, ಎದುರಿಗಿರುವ ಆಟೋ ಬೇರೆ ಎಂದಾದರೆ ಒಟಿಪಿ ಹೇಳಲೇಬೇಡಿ. ಇನ್ನೊಬ್ಬ 'ಫ್ರೆಂಡ್' ಮುಂದಿನ ಸೀಟಿಗೆ ಹತ್ತಿದರೆ ಅಲ್ಲೇ ಇಳಿಯಿರಿ.

2025ರ ಆಗಸ್ಟ್ 1ರಿಂದ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗಿನ 5ರವರೆಗೆ ಅದರ ಒಂದೂವರೆ ಪಟ್ಟು. ದುಡ್ಡಿಗಾಗಿ ಬೆದರಿಸಿದರೆ ನಡುರಾತ್ರಿ ವಾದಕ್ಕಿಳಿಯದೆ ಕೊಟ್ಟು ಇಳಿದು, ನಂಬರ್ ಸಮೇತ ದೂರು ಕೊಡಿ. ನಿಮ್ಮನ್ನು ಇಳಿಯಲು ಬಿಡದಿದ್ದರೆ ಮಾತ್ರ ಆಗಲೇ 112.

ರೈಲಿನಲ್ಲಿ ಸಹಪ್ರಯಾಣಿಕರು ಕೊಟ್ಟ ಬಿಸ್ಕತ್ತು, ಟೀ ತಿನ್ನಬಾರದೇ?

ನಯವಾಗಿ ಬೇಡವೆನ್ನಿ. ಅಮಲಿನ ಔಷಧಿ ಬೆರೆಸಿ ದೋಚುವುದು ಹಳೆಯ ಪದ್ಧತಿ, ಇಂದಿಗೂ ನಿಂತಿಲ್ಲ. ನಿಮ್ಮದೇ ನೀರಿನ ಬಾಟಲಿಯನ್ನೂ ಬಿಟ್ಟು ಶೌಚಾಲಯಕ್ಕೆ ಹೋಗಬೇಡಿ. ಪಕ್ಕದ ಬರ್ತಿನವರು ಎಬ್ಬಿಸಿದರೂ ಏಳದಿದ್ದರೆ ನಿದ್ದೆ ಎಂದು ಬಿಡದೆ 139ಕ್ಕೆ ತಿಳಿಸಿ. ಸೂಟ್‌ಕೇಸನ್ನು ಕೆಳ ಬರ್ತಿನಡಿಯ ಬಳೆಗೆ ಸರಪಳಿ ಹಾಕಿ ಕಟ್ಟಿ. ಮೊಬೈಲ್ ಚಾರ್ಜಿಗೆ ಹಾಕಿ ಮಲಗುವುದು ಕೊಟ್ಟುಬಿಟ್ಟಂತೆಯೇ.

ಬೇರೆಯವರ ಜೇಬಿಗೆ ಕೈ ಹಾಕುತ್ತಿರುವುದು ಕಂಡರೆ ಏನು ಮಾಡಬೇಕು?

ಕಳ್ಳನನ್ನು ಹಿಡಿಯಲು ಹೋಗಬೇಡಿ, ಬ್ಲೇಡ್ ಇರಬಹುದು. ಕಳೆದುಕೊಳ್ಳುವವರನ್ನೇ ಕೂಗಿ: 'ಅಣ್ಣಾ, ನಿಮ್ಮ ಜೇಬು ನೋಡ್ಕೊಳ್ಳಿ.' ಕೆಲಸ ಅಲ್ಲಿಗೇ ಕೆಡುತ್ತದೆ. ಜನ ಹಿಡಿದಿದ್ದರೆ ಹೊಡೆಯಲು ಬಿಡಬೇಡಿ. ಹೊಡೆಯುವುದು ಅಪರಾಧ, ಪ್ರಕರಣವೂ ಹಾಳಾಗುತ್ತದೆ, ಎಷ್ಟೋ ಸಲ ಏಟು ಬೀಳುವುದು ಏನೂ ಮಾಡದವನಿಗೆ. ಪೊಲೀಸರು ಬರುವವರೆಗೆ ಕೂರಿಸಿ, ನಿಮ್ಮ ಹೆಸರು, ನಂಬರನ್ನು ಕಳೆದುಕೊಂಡವರಿಗೆ ಬರೆದುಕೊಡಿ. ಕಣ್ಣಾರೆ ಕಂಡವರು ಹೇಳಿಕೆ ಕೊಡದೆ ಇಳಿದುಹೋದರೆ ಬಂದ ಪೊಲೀಸರ ಕೈಯಲ್ಲಿ ಏನೂ ಉಳಿಯುವುದಿಲ್ಲ.